ಮೈದುನನ ವಾಕ್ಯ, ವೈನಿಯ ನಿದ್ದೆ

ಈ ವಾರ ಬೇರೊಂದು ಪತ್ರಕ್ಕೆ ಉತ್ತರ ಬರೆಯಬೇಕಿತ್ತು. ಅದನ್ನು ಪಕ್ಕಕ್ಕಿಟ್ಟೆ. ಧಾರವಾಡ ಕಡೆಯ ಓದುಗರೊಬ್ಬರ ಪತ್ರ ಓದಿ ಸಿಟ್ಟು ಬಂದಿದೆ. ಸಿಟ್ಟು ಆರುವ ಮೊದಲೇ ಬರೆದುಬಿಡುತ್ತೇನೆ.

ಅವರಿಗೆ ನಲವತ್ತು ದಾಟಿದೆ. ಹುಟ್ಟಿದಾಗಿನಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಗಂಡ ಸಾರಿಗೆ ಬಸ್ಸಿನ ಡ್ರೈವರ್, ವಾರದಲ್ಲಿ ನಾಲ್ಕು ರಾತ್ರಿ ಡ್ಯೂಟಿ. ಮಗ ಹಾಸ್ಟೆಲ್‌ನಲ್ಲಿ. ಮನೆಯಲ್ಲಿ ಒಂದು ಹೊಲಿಗೆ ಮಷಿನ್, ಮತ್ತೆ ಎರಡು ವರ್ಷದ ಹಿಂದೆ ಬಲಗಡೆ ಲಕ್ವ ಹೊಡೆದು ಹಾಸಿಗೆ ಹಿಡಿದ ಅತ್ತೆ. ಮಹಿಳಾ ಕೂಟದ ವಾಟ್ಸಾಪ್ ಗುಂಪಿಗೆ ದಿನಾ ಬೆಳಿಗ್ಗೆ "ಇಂದಿನ ವಾಗ್ದಾನ" ಎಂದು ಒಂದು ಬೈಬಲ್ ವಾಕ್ಯ ಹಾಕುವ ಜವಾಬ್ದಾರಿ ಇವರದೇ. ಈಗ ಬಂದಿರುವ ಕಷ್ಟ ಏನೆಂದರೆ, ತಾವು ಕಳಿಸುವ ವಾಕ್ಯ ತಮಗೇ ತಟ್ಟುತ್ತಿಲ್ಲವಂತೆ. ಸತ್ಯವೇದ ತೆರೆದರೆ ಅಕ್ಷರ ಕಣ್ಣ ಮುಂದೆ ತೇಲುತ್ತವೆ. ಮೊಣಕಾಲೂರಿದರೆ ಅಲ್ಲೇ ತೂಕಡಿಕೆ. ಮುಂದಿನ ತಿಂಗಳು ಕೂಟದಲ್ಲಿ ಸಾಕ್ಷಿ ಹೇಳುವ, ಅಂದರೆ ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಎಲ್ಲರೆದುರು ಹೇಳುವ, ಸರದಿ ಬೇರೆ ಬಂದಿದೆ. "ನನ್ನ ನಂಬಿಕೆ ಸತ್ತಿದೆ ಅನಿಸುತ್ತದೆ. ಒಳಗೆ ಏನೂ ಇಲ್ಲದೆ ನಿಂತು ಸಾಕ್ಷಿ ಹೇಳುವುದು ಕಪಟ ಅಲ್ವಾ?" ಎಂದು ಕೇಳಿದ್ದಾರೆ. ಕೂಟದ ಒಬ್ಬರು, ಬಚ್ಚಿಟ್ಟ ಪಾಪ ಏನಾದರೂ ಇರಬೇಕು, ಉಪವಾಸ ಪ್ರಾರ್ಥನೆ ಮಾಡು ಎಂದರಂತೆ. ಅವರ ಮಾತನ್ನು ಅಲ್ಲಿಗೇ ಬಿಡೋಣ. ಅವರಿಗೆ ಸಿಟ್ಟು ಖರ್ಚು ಮಾಡಿದರೆ ಕೊಡಬೇಕಾದವರಿಗೆ ಉಳಿಯುವುದಿಲ್ಲ.

ತಂಗೀ, ಮೂರು ಪುಟ ನಂಬಿಕೆಯ ಬಗ್ಗೆ ಬರೆದಿದ್ದೀರಿ. ನಾಲ್ಕನೆಯ ಪುಟದ ಕೊನೆಯಲ್ಲಿ, ಸಹಿಗೆ ಸ್ವಲ್ಪ ಮೇಲೆ, ಒಂದು ಸಾಲು ಇದೆ: "ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಅತ್ತೆಯ ಮಗ್ಗುಲು ಬದಲಿಸಬೇಕು, ಅದೇನು ದೊಡ್ಡದಲ್ಲ ಬಿಡಿ."

ಬಿಡುವುದಿಲ್ಲ. ಪತ್ರ ಇರುವುದೇ ಆ ಸಾಲಿನಲ್ಲಿ.

ಹಾಸಿಗೆ ಹಿಡಿದವರನ್ನು ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಬಿಟ್ಟರೆ ಸೊಂಟ, ಹಿಮ್ಮಡಿಯ ಹತ್ತಿರ ರಕ್ತದ ಓಟ ತಡೆದು ಚರ್ಮ ಕೊಳೆಯುತ್ತದೆ. ಬೆಡ್‌ಸೋರ್ ಅನ್ನುತ್ತಾರಲ್ಲ, ಅದು. ಏರ್ ಬೆಡ್ ಹಾಕಿದರೂ ಹೊರಳಿಸುವ ಕೆಲಸ ತಪ್ಪದು. ಆಸ್ಪತ್ರೆಯಲ್ಲಾದರೆ ಇದಕ್ಕೆ ನರ್ಸ್‌ಗಳು ಪಾಳಿ ಬದಲಿಸುತ್ತಾರೆ, ಪಾಳಿ ಮುಗಿದ ಮೇಲೆ ಮನೆಗೆ ಹೋಗಿ ಮಲಗುತ್ತಾರೆ. ನಿಮಗೆ ಪಾಳಿಯೂ ಇಲ್ಲ, ಮನೆಗೆ ಹೋಗುವುದೂ ಇಲ್ಲ. ಎರಡು ವರ್ಷದಿಂದ ಒಂದೇ ಒಂದು ರಾತ್ರಿ ಪೂರ್ತಿ ಮಲಗದ ಹೆಂಗಸು ಬೆಳಗಿನ ಜಾವ ಮೊಣಕಾಲೂರಿದರೆ ತೂಕಡಿಸದೆ ಇನ್ನೇನು ಮಾಡುತ್ತಾಳೆ? ಅಕ್ಷರ ತೇಲುತ್ತಿರುವುದು ನಿದ್ದೆಗೆಟ್ಟು. ಅದಕ್ಕೆ ನಂಬಿಕೆಯನ್ನು ಯಾಕೆ ಬೈಯುತ್ತೀರಿ?

ಪ್ರವಾದಿ ಎಲೀಯನ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಒಂದನೆಯ ಅರಸುಗಳು 19. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಗೆಲುವು, ಅದರ ಬೆನ್ನಿಗೇ ರಾಣಿ ಈಜೆಬೆಲಳ ಬೆದರಿಕೆ. ಜೊತೆಗಿದ್ದ ಆಳನ್ನೂ ಬೇರ್ಷೆಬದಲ್ಲಿ ಬಿಟ್ಟು, ಒಬ್ಬನೇ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದ. ಆಗ ದೇವದೂತ ಬಂದು ಏನು ಮಾಡಿದ? ಬೋಧನೆ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಇಲ್ಲೇನು ಮಾಡುತ್ತೀ ಎಂಬ ಪ್ರಶ್ನೆ ಬಂದದ್ದು ಅವನು ನಲವತ್ತು ದಿನ ನಡೆದು ಹೋರೇಬ್ ಬೆಟ್ಟಕ್ಕೆ ಮುಟ್ಟಿದ ಮೇಲೆ. ನೀವು ಆ ಪ್ರಶ್ನೆಯನ್ನು ರೊಟ್ಟಿಗಿಂತ ಮೊದಲೇ ಹಾಕಿಕೊಂಡು ಕೂತಿದ್ದೀರಿ.

ಈಗ ಮೈದುನನ ವಿಷಯಕ್ಕೆ ಬರುತ್ತೇನೆ.

ಅವರು ಬೆಂಗಳೂರಿನಲ್ಲಿದ್ದಾರೆ, ಒಳ್ಳೆಯ ಕೆಲಸ, ಶನಿವಾರ ಭಾನುವಾರ ರಜೆ. ಕ್ರಿಸ್ಮಸ್‌ಗೆ ಬರುತ್ತಾರೆ. "ದಿನಾ ಮರೆಯದೆ ವಾಕ್ಯ ಕಳಿಸ್ತಾನೆ, ಅಷ್ಟಾದರೂ ಧೈರ್ಯ ಹೇಳ್ತಾನಲ್ಲ" ಎಂದು ಅವರ ಪರವಾಗಿ ನೀವೇ ಬರೆದಿದ್ದೀರಿ. ಸೂರ್ಯ ಹುಟ್ಟುವ ಚಿತ್ರ, ಅದರ ಮೇಲೆ ಫಿಲಿಪ್ಪಿ 4:13: ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ. ಕೆಳಗೆ, "ವೈನಿ, ಕರ್ತ ನಿಮಗ ಬಲ ಕೊಡ್ತಾನ."

ಒಂದು ವಾಕ್ಯ ಕಿತ್ತು ಚಿತ್ರಕ್ಕೆ ಅಂಟಿಸುವ ಈ ಚಟದ ಬಗ್ಗೆ ನಾನು ಮೊದಲೂ ಬೈದಿದ್ದೇನೆ, ಮುಂದೆಯೂ ಬೈಯುತ್ತೇನೆ. ಯೆರೆಮೀಯ 29:11 ಅಂದರೆ ಎಲ್ಲರಿಗೂ ಪ್ರೀತಿ. ಒಳ್ಳೇ ಗತಿ, ನಿರೀಕ್ಷೆ, ಎಲ್ಲ ಇದೆ ಅದರಲ್ಲಿ. ಅದರ ಹಿಂದಿನ ವಾಕ್ಯದಲ್ಲಿ, ಬಾಬೆಲಿನ ಸೆರೆಯಲ್ಲಿ ಎಪ್ಪತ್ತು ವರ್ಷ ಕಳೆಯಬೇಕು ಎಂದಿದೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಫಿಲಿಪ್ಪಿಯವರ ಪತ್ರವನ್ನೂ ಪೂರ್ತಿ ಓದಿ ನೋಡಿ. ಅಪೊಸ್ತಲ ಪೌಲ ಅದನ್ನು ಬರೆದದ್ದು ಸೆರೆಯಲ್ಲಿದ್ದಾಗ. ಹಸಿದಿರುವುದನ್ನೂ ಕಲಿತೆ, ಹೊಟ್ಟೆ ತುಂಬಿರುವುದನ್ನೂ ಕಲಿತೆ ಎಂದು ಹೇಳಿ, ಆಮೇಲೆ ಎಲ್ಲಕ್ಕೂ ಶಕ್ತನಾಗಿದ್ದೇನೆ ಅನ್ನುತ್ತಾನೆ. ಅಲ್ಲಿಗೆ ನಿಲ್ಲಿಸುವುದಿಲ್ಲ. ಮರು ವಾಕ್ಯದಲ್ಲೇ, ಆದರೂ ನನ್ನ ಕಷ್ಟದಲ್ಲಿ ನೀವು ಪಾಲು ತೆಗೆದುಕೊಂಡದ್ದು ಒಳ್ಳೆಯದಾಯಿತು ಅನ್ನುತ್ತಾನೆ. ಆ ಪಾಲು ಬಾಯಿಮಾತಿನದಲ್ಲ. ಫಿಲಿಪ್ಪಿಯ ಸಭೆಯವರು ಎಪಫ್ರೊದೀತ ಎಂಬ ಮನುಷ್ಯನ ಕೈಯಲ್ಲಿ ಬೇಕಾದದ್ದನ್ನು ಕೊಟ್ಟು ಸೆರೆಯ ತನಕ ಕಳಿಸಿದ್ದರು. ಅವನು ಅಷ್ಟು ದೂರ ಬಂದು, ಕಾಯಿಲೆ ಬಿದ್ದು, ಸಾಯುವ ಹಾಗೆ ಆಗಿದ್ದನಂತೆ, ಅದೂ ಎರಡನೆಯ ಅಧ್ಯಾಯದಲ್ಲಿದೆ. ಅದಕ್ಕೂ ಮೊದಲು ಪೌಲ ಥೆಸಲೊನೀಕದಲ್ಲಿದ್ದಾಗ ಒಂದಕ್ಕಿಂತ ಹೆಚ್ಚು ಸಲ ಸಹಾಯ ಕಳಿಸಿದ್ದರು. 13ನೆಯ ವಾಕ್ಯ ಬರೆದವನ ಹತ್ತಿರ 14ನೆಯ ವಾಕ್ಯದ ಜನ ಇದ್ದರು. ನಿಮ್ಮ ಮೈದುನ ಎರಡು ವರ್ಷದಿಂದ 13ನ್ನೇ ಕಳಿಸುತ್ತಿದ್ದಾರೆ. 14 ಅವರು ಮಾಡಬೇಕಾದ್ದು.

ಗಂಡನ ಬಗ್ಗೆ ಹೆಚ್ಚು ಹೇಳಲ್ಲ. ರಾತ್ರಿಯೆಲ್ಲ ಸ್ಟೇರಿಂಗ್ ಹಿಡಿಯುವವರು ಹಗಲಾದರೂ ಮಲಗಲಿ, ಅವರ ಹಿಂದೆ ಐವತ್ತು ಜನರ ಜೀವ ಇರುತ್ತದೆ. ಸಭೆಯ ಯುವಕರ ಬಗ್ಗೆ ಮಾತ್ರ ಒಂದು ಮಾತು. ಡಿಸೆಂಬರ್ ಚಳಿಯಲ್ಲಿ ಗಿಟಾರ್ ಹಿಡಿದು ನಡುರಾತ್ರಿ ದಾಟುವವರೆಗೆ ಮನೆ ಮನೆಗೆ ಕ್ಯಾರಲ್ಸ್ ಹಾಡುತ್ತಾ ಸುತ್ತುವ ಹುಡುಗ ಹುಡುಗಿಯರಿಗೆ, ವರ್ಷದ ಉಳಿದ ದಿನ ಯಾವ ಮನೆಯಲ್ಲಿ ಯಾರು ನಿದ್ದೆ ಇಲ್ಲದೆ ಕೂತಿದ್ದಾರೆ ಅನ್ನುವುದು ಗೊತ್ತಿರುವುದಿಲ್ಲ. ಅವರಿಗೆ ಯಾರೂ ಹೇಳಿಲ್ಲ. ನೀವೂ ಹೇಳಿಲ್ಲ.

ಇನ್ನು ನಿಮ್ಮ ಮನೆಯಲ್ಲಿ ಪ್ರಾರ್ಥನೆಯೇ ನಿಂತಿದೆ ಎಂಬ ಮಾತನ್ನು ನಾನು ಒಪ್ಪಲಾರೆ. ಮಾತು ನಿಂತುಹೋದ ನಿಮ್ಮ ಅತ್ತೆ, ರಾತ್ರಿ ಹೊರಳಿಸುವಾಗ ಹಳೆಯ ಕೀರ್ತನೆಯ ಒಂದು ಸಾಲು ಹಾಡುತ್ತಾರಂತೆ. "ಮಾತು ಬರೋದಿಲ್ಲ, ಹಾಡು ಹ್ಯಾಂಗ ಬರ್ತದೋ" ಎಂದು ಬರೆದಿದ್ದೀರಿ. ಬರುತ್ತದೆ. ಬಲಗಡೆ ಲಕ್ವ ಹೊಡೆದವರಲ್ಲಿ ಪೆಟ್ಟು ಬಿದ್ದಿರುವುದು ಮೆದುಳಿನ ಎಡಭಾಗಕ್ಕೆ. ಮಾತಿನ ಕೆಲಸ ಹೆಚ್ಚಿನವರಲ್ಲಿ ನಡೆಯುವುದೂ ಅಲ್ಲೇ. ಹಾಡಿಗೆ ಬಲಭಾಗವೂ ಕೈ ಹಾಕುತ್ತದೆ. ಅದಕ್ಕೇ ನೀರು ಬೇಕು ಎನ್ನಲು ಆಗದ ಕೆಲವರು ಚಿಕ್ಕಂದಿನ ಹಾಡನ್ನು ಪದ ತಪ್ಪದೆ ಹಾಡುತ್ತಾರೆ. ಆಗ ನೀವೂ ಸಣ್ಣಗೆ ದನಿಗೂಡಿಸುತ್ತೀರಂತೆ, "ಯೇಸಪ್ಪಾ" ಎಂದು ನಿಟ್ಟುಸಿರು ಬಿಡುತ್ತೀರಂತೆ. ನಾನಂತೂ ಅದನ್ನು ಪ್ರಾರ್ಥನೆ ಎಂದೇ ಲೆಕ್ಕಕ್ಕೆ ಹಿಡಿಯುತ್ತೇನೆ. ಉತ್ಸಾಹ ಇಲ್ಲದ ಪ್ರಾರ್ಥನೆ ನಡೆಯುವುದಿಲ್ಲ ಅನ್ನುವವರಿಗೆ 88ನೆಯ ಕೀರ್ತನೆ ತೋರಿಸಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸ್ತೋತ್ರ ಕೂಡ ಇಲ್ಲ. ಆದರೂ ಸತ್ಯವೇದದಲ್ಲಿದೆ.

ಸಾಕ್ಷಿಯ ಸರದಿಯನ್ನು ಬೇರೆಯವರಿಗೆ ಕೊಡಿ. ವಾಗ್ದಾನ ಹಾಕುವ ಕೆಲಸವನ್ನೂ ಸ್ವಲ್ಪ ದಿನ ಇನ್ನೊಬ್ಬರು ನೋಡಿಕೊಳ್ಳಲಿ. ನಂಬಿಕೆ ಸತ್ತಿದೆಯೋ ಬದುಕಿದೆಯೋ ಎಂಬ ತೀರ್ಮಾನವನ್ನು ಸದ್ಯಕ್ಕೆ ಮುಟ್ಟಲೇಬೇಡಿ. ಮಾಡಬೇಕಾದ್ದು ಒಂದೇ ಕೆಲಸ.

ಇವತ್ತೇ ಮೈದುನನಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಅದಕ್ಕೆ ಅವರು ಕೈ ಮುಗಿಯುವ ಗುರುತು ಹಾಕಿ ಸುಮ್ನಾಗುತ್ತಾರೆ. ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಗಾಡಿ ಹತ್ತಿದರೆ ಶನಿವಾರ ಬೆಳಿಗ್ಗೆ ಊರಲ್ಲಿರಬಹುದು. ಶನಿವಾರ ಹಗಲು ಅವರಿಗೆ ಹೊರಳಿಸುವುದು ಕಲಿಸಿ: ಕಾಲು ಮಡಚುವುದು, ಬೆನ್ನಿಗೆ ದಿಂಬು ಕೊಡುವುದು, ಬಟ್ಟೆ ಬದಲಿಸುವುದು, ಎಲ್ಲ. ರಾತ್ರಿ ತಾಯಿಯ ಕೋಣೆಯಲ್ಲಿ ಅವರು ಮಲಗಲಿ, ನೀವು ಬಾಗಿಲು ಹಾಕಿಕೊಂಡು ಬೇರೆ ಕೋಣೆಯಲ್ಲಿ ಮಲಗಿ. ಭಾನುವಾರ ಆರಾಧನೆಗೆ ಎಚ್ಚರ ಆಗದಿದ್ದರೆ ಆಗದಿರಲಿ. ಹೀಗೆ ತಿಂಗಳಿಗೆ ಎರಡು ಸಲ. ಬರದ ವಾರಗಳಲ್ಲಿ ಎರಡು ರಾತ್ರಿಗೆ ಆಯಾ ಇಟ್ಟು ಸಂಬಳ ಅವರು ಕೊಡಲಿ. ಇದನ್ನು ಕೇಳಿಕೊಳ್ಳುವ ದನಿಯಲ್ಲಿ ಹೇಳಬೇಡಿ, ತಾಯಿ ಅವರದೂ ಹೌದು.

"ಪ್ರಾರ್ಥನೆ ಮಾಡಿ ಹೇಳ್ತೀನಿ ವೈನಿ" ಎಂದರೆ, "ಮಾಡ್ರಿ, ನಾ ಫೋನ್ ಇಡೂದಿಲ್ಲ, ಕಾಯ್ತೀನಿ" ಎನ್ನಿ.