ನಾಟಕ, ಸಂಗೀತ, ಚಿತ್ರಕಲೆ: ಮೂರನ್ನೂ ಒಬ್ಬರೇ ವಿಮರ್ಶಿಸಬಹುದೇ?

ಬೇರೆ ಉದ್ಯೋಗದಲ್ಲಿದ್ದುಕೊಂಡೇ ನಾಟಕ, ಶಾಸ್ತ್ರೀಯ ಸಂಗೀತ ಮತ್ತು ದೃಶ್ಯಕಲೆ ಈ ಮೂರರ ಬಗ್ಗೆಯೂ ಪತ್ರಿಕೆಗಳಿಗೆ ಸ್ವತಂತ್ರವಾಗಿ ವಿಮರ್ಶೆ ಬರೆಯಬಹುದೇ, ಒಬ್ಬರಿಗೆ ಅಷ್ಟು ಅಧಿಕಾರ ಎಲ್ಲಿಂದ ಬರಬೇಕು ಎಂದು ತಾವು ಕೇಳಿದ್ದೀರಿ. ಯಾವ ಪತ್ರಿಕೆಯ ನೌಕರಿಯಲ್ಲೂ ಇಲ್ಲದೆ ಬಹುಕಾಲದಿಂದ ಇದೇ ಕೆಲಸವನ್ನು ಮಾಡಿಕೊಂಡು ಬಂದಿರುವ ನನ್ನ ಉತ್ತರ ಹೌದು ಎಂದೇ. ಆದರೆ ಓದುಗನು ನಿಮ್ಮ ಮಾತನ್ನು ತಾನೇ ಪರೀಕ್ಷಿಸಿ ನೋಡುವ ಅವಕಾಶ ಈ ಮೂರು ಕಲೆಗಳಲ್ಲಿ ಒಂದೇ ಸಮನಾಗಿರುವುದಿಲ್ಲ. ಆದ್ದರಿಂದ ವಿಮರ್ಶಕನ ಹೊಣೆಯೂ ಮೂರು ಕಡೆ ಬೇರೆ ಬೇರೆಯಾಗಿರುತ್ತದೆ.

ಅಧಿಕಾರದ ಪ್ರಶ್ನೆ ಹಳೆಯದು. ನಾಟಕ, ನೃತ್ಯಗಳ ಪ್ರಾಚೀನ ಸಂಸ್ಕೃತ ಗ್ರಂಥವಾದ ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು, ಅಂದರೆ ಪ್ರದರ್ಶನದ ಯಶಸ್ಸನ್ನು, ವಿವರಿಸುವ ಅಧ್ಯಾಯವು ಗುಣದೋಷಗಳನ್ನು ನಿರ್ಣಯಿಸುವ ಪ್ರಾಶ್ನಿಕರನ್ನು ಹೆಸರಿಸುವಾಗ ಛಂದಸ್ಸು ಬಲ್ಲವನು, ವ್ಯಾಕರಣ ಬಲ್ಲವನು, ನರ್ತಕ, ಚಿತ್ರಕಾರ, ಸಂಗೀತಗಾರ, ಬಿಲ್ವಿದ್ಯೆ ಬಲ್ಲವನು ಎಂದು ಬೇರೆ ಬೇರೆ ತಜ್ಞರನ್ನು ಹೇಳುತ್ತದೆ. ಉತ್ತಮ ಪ್ರೇಕ್ಷಕನ ಗುಣಗಳನ್ನೆಲ್ಲ ಎಣಿಸಿದ ಮೇಲೆ, ಅವೆಲ್ಲವೂ ಒಬ್ಬನಲ್ಲಿಯೇ ಇರಲಾರವು ಎಂದೂ ಒಪ್ಪಿಕೊಳ್ಳುತ್ತದೆ. ಇನ್ನೊಂದು ಕಡೆ, ಮುಂದೆ ನಾಟಕಕಾರರಾಗಿ ಹೆಸರಾದ ಬರ್ನಾರ್ಡ್ ಶಾ 1880ರ ದಶಕದಲ್ಲಿ ಲಂಡನ್ನಿನ ಪತ್ರಿಕೆಗಳಿಗೆ ಚಿತ್ರಕಲೆಯ ಹಾಗೂ ಸಂಗೀತದ ವಿಮರ್ಶೆಗಳನ್ನು ಬರೆದು, 1895ರಿಂದ 1898ರವರೆಗೆ ‘ಸ್ಯಾಟರ್ಡೇ ರಿವ್ಯೂ’ದಲ್ಲಿ ನಾಟಕ ವಿಮರ್ಶಕರಾಗಿದ್ದರು. ಮೂರೂ ಅವರಿಗೆ ಸಾಧ್ಯವಾದವು ನಿಜ, ಆದರೆ ಒಂದೊಂದಕ್ಕೂ ಅವರು ವರ್ಷಗಟ್ಟಲೆ ವಾರವಾರವೂ ಕಿವಿ ಕಣ್ಣುಗಳನ್ನು ಕೊಟ್ಟಿದ್ದರು. ತಾವು ಕೂಡ ಆಳವಾಗಿ ಬಲ್ಲ ಕಲೆಯಲ್ಲಿ ನಿಸ್ಸಂಕೋಚವಾಗಿ ತೀರ್ಪು ಕೊಡಿ. ಉಳಿದ ಎರಡರಲ್ಲಿ ಕೆಲವು ಕಾಲ ಕಂಡದ್ದನ್ನೂ ಕೇಳಿದ್ದನ್ನೂ ನಿಖರವಾಗಿ ಹೇಳಿ, ಆ ವಿವರ ಹೊರಬಲ್ಲಷ್ಟೇ ತೀರ್ಪನ್ನು ಅದರ ಮೇಲಿಡಿ.

ಮೂರರಲ್ಲಿ ಅತ್ಯಂತ ಕಠಿಣವಾದದ್ದು ಸಂಗೀತ ವಿಮರ್ಶೆಯೆಂದು ನನ್ನ ಭಾವನೆ. ಬರಹ ಅಚ್ಚಾಗುವ ಹೊತ್ತಿಗೆ ಕಛೇರಿ ಮುಗಿದಿರುತ್ತದೆ. ಅಂದು ಸಭೆಯಲ್ಲಿರದ ಓದುಗನಿಗೆ ನಿಮ್ಮ ಮಾತೊಂದೇ ಆಧಾರ. ಹಾಗಿರುವಾಗ ಕೃತಿ, ರಾಗ, ತಾಳಗಳ ಪಟ್ಟಿ ಕೊಟ್ಟು, ಗಾಯನ ಮನೋಜ್ಞವಾಗಿತ್ತು, ಪಕ್ಕವಾದ್ಯದ ಸಹಕಾರ ಸಮರ್ಥವಾಗಿತ್ತು ಎಂದು ಮುಗಿಸುವುದು ಕಲಾವಿದರಿಗೂ ಓದುಗರಿಗೂ ಮಾಡುವ ಅನ್ಯಾಯ. ತೋಡಿ ರಾಗದ ಆಲಾಪನೆಯಲ್ಲಿ ಗಾಯಕಿ ಗಾಂಧಾರ ಸ್ವರವನ್ನು ಹೇಗೆ ತೂಗಿದರು, ಪಂಚಮ ಸ್ವರವನ್ನು ಬಿಟ್ಟು ಸಂಚರಿಸುವಾಗ ರಾಗದ ಚಹರೆ ಎಷ್ಟು ಸ್ಪಷ್ಟವಾಯಿತು, ನೆರವಲಿನಲ್ಲಿ (ಕೃತಿಯ ಒಂದು ಸಾಲನ್ನು ಬಗೆಬಗೆಯಾಗಿ ವಿಸ್ತರಿಸಿ ಹಾಡುವಾಗ) ಸಾಹಿತ್ಯದ ಪದಗಳು ಮುರಿಯದೆ ಉಳಿದವೇ, ಮೃದಂಗ ಎಲ್ಲಿ ನುಡಿಯಿತು, ಎಲ್ಲಿ ಸುಮ್ಮನಿದ್ದು ಹಾಡಿಗೆ ಜಾಗ ಬಿಟ್ಟಿತು ಎಂಬುದನ್ನು ಬರೆಯಬೇಕು. ಹಿಂದೂಸ್ತಾನಿ ಗಾಯನವಾದರೆ, ವಿಲಂಬಿತದ ಬಢತ್ (ನಿಧಾನಗತಿಯಲ್ಲಿ ರಾಗವನ್ನು ಹಂತಹಂತವಾಗಿ ಬೆಳೆಸುವುದು) ತನ್ನ ಹದಕ್ಕೆ ಬರುವ ಮೊದಲೇ ಗಾಯಕರು ತಾನುಗಳಿಗೆ (ವೇಗದ ಸ್ವರಸಂಚಾರಗಳಿಗೆ) ಅವಸರಪಟ್ಟರೇ ಎಂಬುದನ್ನು ಗಮನಿಸಬೇಕು. ಧ್ವನಿವರ್ಧಕದ ದೋಷದಿಂದ ತಂಬೂರಿಯೇ ಕೇಳಿಸದೆ ಹೋಗಿದ್ದರೆ ಅದನ್ನೂ ಹೇಳಬೇಕು, ಇಲ್ಲವಾದರೆ ಸಭಾಂಗಣದ ತಪ್ಪು ಕಲಾವಿದರ ತಲೆಗೆ ಬರುತ್ತದೆ. ಇಂಥ ವಿವರಗಳು ನೆನಪಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಕೇಳುತ್ತಿರುವಾಗಲೇ ಟಿಪ್ಪಣಿ ಮಾಡಿಕೊಳ್ಳುವುದು ಅನಿವಾರ್ಯ.

ನಾಟಕದ ಸಂಗತಿ ಬೇರೆ. ನಿಮ್ಮ ಬರಹ ಬಂದಾಗ ಪ್ರದರ್ಶನಗಳು ಇನ್ನೂ ನಡೆಯುತ್ತಿರಬಹುದು, ನಿಮ್ಮ ಮಾತಿನಿಂದ ಪ್ರೇಕ್ಷಕರು ಬರಲೂಬಹುದು, ಬಾರದಿರಲೂಬಹುದು. 1958ರ ಮೇ ತಿಂಗಳಲ್ಲಿ ಇಂಗ್ಲಿಷ್ ನಾಟಕಕಾರ ಹೆರಾಲ್ಡ್ ಪಿಂಟರ್ ಅವರ ‘ದಿ ಬರ್ತ್‌ಡೇ ಪಾರ್ಟಿ’ ಲಂಡನ್ನಿನಲ್ಲಿ ರಂಗಕ್ಕೆ ಬಂದಾಗ ದಿನಪತ್ರಿಕೆಗಳ ವಿಮರ್ಶೆಗಳು ಬಹುಮಟ್ಟಿಗೆ ಪ್ರತಿಕೂಲವಾಗಿದ್ದವು. 8 ಪ್ರದರ್ಶನಗಳಿಗೇ ನಾಟಕ ನಿಂತಿತು. ಲೇಖಕರ ಪ್ರತಿಭೆಯನ್ನು ಎತ್ತಿಹಿಡಿದ ಹೆರಾಲ್ಡ್ ಹಾಬ್ಸನ್ ಅವರ ವಿಮರ್ಶೆ ‘ಸಂಡೇ ಟೈಮ್ಸ್’ನಲ್ಲಿ ಅಚ್ಚಾದದ್ದು ಅದು ನಿಂತ ಮರುದಿನ. ಆದಕಾರಣ ಬರಹ ಯಾವ ದಿನ ಪ್ರಕಟವಾಗುತ್ತದೆಂಬುದನ್ನು ನಾಟಕ ನೋಡಲು ಹೋಗುವ ಮೊದಲೇ ಸಂಪಾದಕರಲ್ಲಿ ಕೇಳಿಕೊಳ್ಳಿ. ಕೃತಿಯ ಬಲಹೀನತೆಯನ್ನು ನಟರ ಮೇಲಾಗಲಿ, ನಿರ್ದೇಶಕರು ಮಾಡಿದ ಆಯ್ಕೆಯನ್ನು ನಾಟಕಕಾರರ ಮೇಲಾಗಲಿ ಹೊರಿಸದಿರಲು, ಸಾಧ್ಯವಾದಾಗಲೆಲ್ಲ ಪಠ್ಯವನ್ನು ಮುಂಚಿತವಾಗಿ ಓದಿರಿ.

ಚಿತ್ರ ಪ್ರದರ್ಶನದಲ್ಲಿ ಓದುಗನು ತಾನೇ ಹೋಗಿ ನಿಮ್ಮ ಮಾತನ್ನು ಕಲಾಕೃತಿಯ ಪಕ್ಕದಲ್ಲಿಟ್ಟು ನೋಡಬಲ್ಲ. ಗಾತ್ರ, ಮೇಲ್ಮೈ, ಬಣ್ಣದ ಪದರ, ಬೆಳಕು ಇವು ಛಾಯಾಚಿತ್ರದಲ್ಲಿ ಸಿಕ್ಕುವುದಿಲ್ಲವಾದ್ದರಿಂದ ಕ್ಯಾಟಲಾಗ್ ನೋಡಿ ಬರೆಯಬೇಡಿ. ಗೋಡೆಯ ಮೇಲಿನ ಕ್ಯೂರೇಟರ್ ಟಿಪ್ಪಣಿಯನ್ನು ಕೃತಿಗಳನ್ನು ನೋಡಿದ ಮೇಲೆ ಓದಿ. 1877ರಲ್ಲಿ ಇಂಗ್ಲಿಷ್ ಕಲಾವಿಮರ್ಶಕ ಜಾನ್ ರಸ್ಕಿನ್ ಅವರು ಚಿತ್ರಕಾರ ವಿಸ್ಲರ್ ಅವರ ಚಿತ್ರವೊಂದರ ಬೆಲೆಯನ್ನೂ ಕಲಾವಿದರ ಪ್ರಾಮಾಣಿಕತೆಯನ್ನೂ ಹಳಿದು ಬರೆದದ್ದು ಮರುವರ್ಷ ಮಾನನಷ್ಟ ಮೊಕದ್ದಮೆಯಾಯಿತು; ವಿಸ್ಲರ್ ಗೆದ್ದರೂ ಪರಿಹಾರವಾಗಿ ಸಿಕ್ಕಿದ್ದು ಒಂದು ಫಾರ್ದಿಂಗ್ (ಪೆನ್ನಿಯ ಕಾಲುಭಾಗದ ನಾಣ್ಯ) ಮಾತ್ರ. ರಸ್ಕಿನ್ ಅವರಂಥ ಸೂಕ್ಷ್ಮ ಕಣ್ಣಿನ ವಿಮರ್ಶಕರು ಅಲ್ಲಿ ಚಿತ್ರವನ್ನು ಬಿಟ್ಟು ಚಿತ್ರಕಾರನ ಉದ್ದೇಶಕ್ಕೆ ಕೈಹಾಕಿದ್ದು ನನಗೆ ಇಂದಿಗೂ ದುಃಖದ ಸಂಗತಿ.

ಇನ್ನು ಸ್ವತಂತ್ರ ಬರಹಗಾರರಿಗೇ ವಿಶೇಷವಾದ ಒಂದು ಕಷ್ಟವಿದೆ. ವಿಮರ್ಶೆಯ ಸಂಭಾವನೆಯೊಂದರಿಂದಲೇ ಜೀವನ ನಡೆಸುವುದು ದುಸ್ತರವಾದ್ದರಿಂದ ಗ್ಯಾಲರಿಯ ಕ್ಯಾಟಲಾಗಿಗೆ ಪ್ರಬಂಧ, ಸಂಗೀತೋತ್ಸವದ ಸ್ಮರಣ ಸಂಚಿಕೆಗೆ ಲೇಖನ, ರಂಗತಂಡದ ಕರಪತ್ರಕ್ಕೆ ಪರಿಚಯ ಹೀಗೆ ಕೆಲಸಗಳು ಬರುತ್ತವೆ. ಅವು ಗೌರವದ ಕೆಲಸಗಳೇ ಹೌದು. ಆದರೆ ಯಾರಿಂದ ಹಣ ಪಡೆದು ಬರೆದಿದ್ದೀರೋ ಅವರ ಅದೇ ಪ್ರದರ್ಶನವನ್ನು ವಿಮರ್ಶಿಸಲು ಒಪ್ಪಿಕೊಳ್ಳಬೇಡಿ. ಗುರು, ಸಹಪಾಠಿ, ಬಂಧುಗಳ ವಿಷಯದಲ್ಲೂ ಹೀಗೆಯೇ. ಆಹ್ವಾನಪತ್ರಿಕೆಯ ಮೇಲೆ ಹೋಗುವುದರಲ್ಲಿ ತಪ್ಪಿಲ್ಲ, ಆಹ್ವಾನಿಸಿದವರಿಗೆ ಕರಡು ತೋರಿಸುವುದು ತಪ್ಪು. ನೌಕರಿಯಲ್ಲಿರುವ ವಿಮರ್ಶಕನಿಗೆ ಸಂಸ್ಥೆಯ ಹೆಸರು ಆಸರೆಯಾಗುತ್ತದೆ. ನಿಮಗೆ ಅದಿಲ್ಲದಿರುವುದರಿಂದ ಒಮ್ಮೆ ಸಂಶಯ ಹುಟ್ಟಿದರೆ ನಿಮ್ಮ ಹಿಂದಿನ ಬರಹಗಳನ್ನೂ ಜನರು ಅದೇ ಕಣ್ಣಿನಿಂದ ಓದುತ್ತಾರೆ.

ಆರಂಭಿಸಲು, ಸಂಪಾದಕರಿಗೆ ಬರೀ ಇಚ್ಛೆಯನ್ನು ತಿಳಿಸುವ ಪತ್ರದ ಬದಲು ಪೂರ್ಣವಾಗಿ ಬರೆದ ಒಂದೆರಡು ವಿಮರ್ಶೆಗಳನ್ನು ಕಳುಹಿಸಿ, ಯಾವ ಕಲೆ ನಿಮಗೆ ಹೆಚ್ಚು ಆಪ್ತವೆಂಬುದನ್ನೂ ತಿಳಿಸಿ. ಬರಹ ಸ್ವೀಕೃತವಾದಾಗ ಪದಮಿತಿ, ಸಂಭಾವನೆ, ಪ್ರಕಟಣೆಯ ದಿನಾಂಕಗಳನ್ನು ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ. ಅಚ್ಚಿಗೆ ಹೋಗುವ ಮುನ್ನ ತಿದ್ದಿದ ಪ್ರತಿಯನ್ನೂ ಶೀರ್ಷಿಕೆಯನ್ನೂ ತೋರಿಸುವಂತೆ ವಿನಯದಿಂದ ಕೇಳಿ. ನೀವು ಎಚ್ಚರಿಕೆಯಿಂದ ತೂಗಿ ಬರೆದ ಆಕ್ಷೇಪಣೆಯನ್ನು ಬೇರೊಬ್ಬರು ಕೊಟ್ಟ ಶೀರ್ಷಿಕೆ ಕಟುವಾದ ತಿರಸ್ಕಾರವನ್ನಾಗಿ ಮಾಡಿಬಿಡಬಹುದು, ಮತ್ತು ಕಲಾವಿದರು ಅದಕ್ಕೆ ಉತ್ತರ ಕೇಳುವುದು ನಿಮ್ಮನ್ನೇ.