ರೆಪ್ಲಿಕೇಶನ್ ಎಂಜೈಮ್‌ಗಳ ಹೆಸರು ಮರೆಯದ ಹಾಗೆ ಬಾಯಿಪಾಠ ಮಾಡೋದು ಹೇಗೆ?

ಎರಡನೇ ಪಿಯುಸಿ. ರೆಪ್ಲಿಕೇಶನ್, ಅಂದರೆ ಡಿಎನ್‌ಎ ನಕಲಾಗುವ ಕೆಲಸ ಮಾಡುವ ಹೆಲಿಕೇಸ್, ಪ್ರೈಮೇಸ್, ಲೈಗೇಸ್ ಅಂತ ಹೆಸರುಗಳು ತಲೆಯಲ್ಲಿ ನಿಲ್ಲುತ್ತಿಲ್ಲ. ಜೊತೆಗೆ "ಡಿಎನ್‌ಎ ರೆಪ್ಲಿಕೇಶನ್‌ಗೆ ಯಾಕಿಷ್ಟು ಮಹತ್ವ ಕೊಡ್ತಾರೆ" ಅಂತಲೂ ಕೇಳಿದ್ದೀರಿ. ಓದಿ ನಗು ಬಂತು, ಸ್ವಲ್ಪ ಸಂಕಟವೂ ಆಯಿತು. ನಿಮಗೆ ಬೇಕಾದ ಬಾಯಿಪಾಠದ ಉಪಾಯ ನಿಮ್ಮ ವಯಸ್ಸಿನಲ್ಲಿ ನನ್ನ ಹತ್ತಿರ ಇತ್ತು. ಎಂಎಸ್ಸಿಯಲ್ಲಿ ಅದೇ ನನ್ನನ್ನು ಮುಳುಗಿಸಿತು.

ಹೆಸರುಗಳ ಮೊದಲಕ್ಷರ ಸೇರಿಸಿ ಒಂದು ಸಾಲು ಕಟ್ಟಿಕೊಂಡಿದ್ದೆ. ಚಿತ್ರವನ್ನೂ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ. ಒಂದು ಕವಲು, ಮೇಲಿನ ಎಳೆಗೆ ಉದ್ದ ಬಾಣ, ಕೆಳಗಿನದಕ್ಕೆ ತುಂಡು ತುಂಡು ಬಾಣ, ತುದಿಗಳಲ್ಲಿ 5 ಪ್ರೈಮ್, 3 ಪ್ರೈಮ್. ಪೂರ್ತಿ ಮಾರ್ಕ್ಸ್ ಬರುತ್ತಿತ್ತು. ಆ 5 ಯಾಕೆ, 3 ಯಾಕೆ ಅಂತ ಯಾರಾದರೂ ಕೇಳಿದ್ದರೆ ಬಾಯಿ ಬಾಯಿ ಬಿಡುತ್ತಿದ್ದೆ. ಬಿಎಸ್ಸಿ ಮುಗಿಯುವ ತನಕ ಯಾರೂ ಕೇಳಲಿಲ್ಲ.

ಎಂಎಸ್ಸಿ ಪ್ರಾಜೆಕ್ಟ್‌ಗೆ ಟೊಮೆಟೊ ಎಲೆ ಮುದುಡುವ ರೋಗ ಸಿಕ್ಕಿತು. ಬಿಳಿ ನೊಣ ಹರಡುವ ವೈರಸ್ ಅದು. ಸುಮಾರು 2,700 ಅಕ್ಷರಗಳ (ಎ, ಟಿ, ಜಿ, ಸಿ ಅನ್ನುವ ನಾಲ್ಕೇ ಬಗೆ) ಪುಟ್ಟ ಉಂಗುರದಂಥ ಡಿಎನ್‌ಎ, ಅಷ್ಟೇ. ಎಲೆಯಿಂದ ಡಿಎನ್‌ಎ ತೆಗೆದು, ವೈರಸ್‌ನ ಹೊರಕವಚದ (ಕೋಟ್ ಪ್ರೋಟೀನ್) ಜೀನನ್ನು ಪಿಸಿಆರ್‌ನಲ್ಲಿ ಹೆಚ್ಚಿಸಿ ತೋರಿಸಬೇಕಿತ್ತು. ಪಿಸಿಆರ್ ಅಂದರೆ ಟ್ಯೂಬಿನೊಳಗೆ ನಡೆಯುವ ರೆಪ್ಲಿಕೇಶನ್ ಅಲ್ವಾ? ಅಲ್ಲಿ ಹೆಲಿಕೇಸ್ ಬೇಡ, 95 ಡಿಗ್ರಿ ಕಾವು ಕೊಟ್ಟರೆ ಎಳೆಗಳು ತಾವೇ ಬಿಡುತ್ತವೆ. ಪ್ರೈಮೇಸ್ ಬೇಡ, ನಕಲು ಶುರುವಾಗಲು ಬೇಕಾದ ಚಿಕ್ಕ ತುಂಡು, ಅಂದರೆ ಪ್ರೈಮರ್, ನಾವೇ ಹಾಕುತ್ತೇವೆ. ಹೊಸ ಎಳೆ ಕಟ್ಟುವ ಎಂಜೈಮ್ ಪಾಲಿಮರೇಸ್; ಆ ಕಾವಿಗೆ ಕೆಡದ ಟ್ಯಾಕ್ ಪಾಲಿಮರೇಸ್ ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಬಂದದ್ದು. ಇವೆಲ್ಲ ನನಗೆ ಗೊತ್ತಿತ್ತು. ಹೇಳಿದೆನಲ್ಲ, ಬಾಯಿಪಾಠ ಚೆನ್ನಾಗಿತ್ತು.

ಪ್ರೈಮರ್ ಎರಡು ಬೇಕು, ಜೀನಿನ ಎರಡು ಕೊನೆಗಳಿಗೆ. ಮೊದಲನೆಯದು ಸುಲಭ, ಡೇಟಾಬೇಸಿನಲ್ಲಿ ಇರುವ ಅಕ್ಷರಗಳನ್ನೇ ಶುರುವಿನಿಂದ ಎತ್ತಿ ಬರೆದರೆ ಆಯಿತು. ಎಡವಿದ್ದು ಎರಡನೆಯದರಲ್ಲಿ. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಜೀನಿನ ಕೊನೆಯಲ್ಲಿ ಎ-ಟಿ-ಜಿ-ಸಿ-ಸಿ-ಎ ಅಂತ ಇದೆ ಅಂದುಕೊಳ್ಳಿ (ನಿಜವಾದ ಪ್ರೈಮರ್ 20 ಅಕ್ಷರದಷ್ಟು ಇರುತ್ತದೆ). ನಾನು ಒಂದೊಂದಕ್ಕೂ ಜೋಡಿ ಹಾಕಿದೆ. ಎ ಕೆಳಗೆ ಟಿ, ಟಿ ಕೆಳಗೆ ಎ. ಬಂದದ್ದು ಟಿ-ಎ-ಸಿ-ಜಿ-ಜಿ-ಟಿ. ಜೋಡಿಯೆಲ್ಲ ಸರಿ. ಅದನ್ನೇ ಆರ್ಡರ್ ಫಾರಂಗೆ ತುಂಬಿ ಕಳಿಸಿದೆ. ಆದರೆ ಡಿಎನ್‌ಎಯ ಎರಡು ಎಳೆಗಳು ಎದುರುಬದುರು ದಿಕ್ಕಿಗೆ ಓಡುತ್ತವೆ. ಮೇಲಿನದು ಎಡದಿಂದ ಬಲಕ್ಕೆ 5ರಿಂದ 3ಕ್ಕೆ ಹೋದರೆ, ಕೆಳಗಿನದು ಬಲದಿಂದ ಎಡಕ್ಕೆ. ನಾನು ಎಡದಿಂದ ಬರೆದ ಟಿ-ಎ-ಸಿ-ಜಿ-ಜಿ-ಟಿ ನಿಜಕ್ಕೂ 3ರಿಂದ ಶುರುವಾಗುವ ಸಾಲು. ಪ್ರೈಮರ್ ಮಾಡಿಕೊಡುವವರು ಮಾತ್ರ ಎಲ್ಲವನ್ನೂ 5ರಿಂದಲೇ ಅಂತ ಓದುತ್ತಾರೆ. ಹಾಗಾಗಿ ತಿರುಗಿಸಿ ಟಿ-ಜಿ-ಜಿ-ಸಿ-ಎ-ಟಿ ಅಂತ ಕೊಡಬೇಕಿತ್ತು. ಅಕ್ಷರಗಳು ಅವೇ, ಕ್ರಮ ಉಲ್ಟಾ. ನಾನು ಕೊಟ್ಟದ್ದು ಆ ಜೀನಿನ ಯಾವ ಎಳೆಗೂ ಅಂಟುವಂಥದ್ದಲ್ಲ.

ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿ ಯುವಿಯಲ್ಲಿ ನೋಡಿದರೆ ಲ್ಯಾಡರ್ (ಅಳತೆಗೆ ಹಾಕುವ ಗೊತ್ತಿರುವ ಉದ್ದದ ತುಂಡುಗಳು) ಮಾತ್ರ ಹೊಳೆಯುತ್ತಿತ್ತು. ನನ್ನ ಸ್ಯಾಂಪಲ್‌ಗಳ ಸಾಲೆಲ್ಲ ಕತ್ತಲು. ತಳದಲ್ಲಿ ಮಸುಕಾಗಿ ಒಂದು ಕಲೆ, ಅದು ಖರ್ಚಾಗದೆ ಉಳಿದ ಪ್ರೈಮರ್. ಟೆಂಪರೇಚರ್ ಬದಲಿಸಿದೆ. ಮೆಗ್ನೀಷಿಯಂ ಜಾಸ್ತಿ ಮಾಡಿದೆ. ಟ್ಯಾಕ್ ಹಳೆಯದಾಗಿದೆ ಅಂತ ಪಕ್ಕದ ಲ್ಯಾಬಿನಿಂದ ಸಾಲ ತಂದೆ. ಹೊಸ ಎಲೆ ತಂದು ಮತ್ತೆ ಡಿಎನ್‌ಎ ತೆಗೆದೆ. ಅದೇ ಡಿಎನ್‌ಎ ಲ್ಯಾಬಿನ ಹಳೇ ಪ್ರೈಮರ್ ಜೊತೆ, ಟೊಮೆಟೊದ್ದೇ ಒಂದು ಜೀನಿಗೆ, ಚೆಂದದ ಬ್ಯಾಂಡ್ ಕೊಡುತ್ತಿತ್ತು. ಅಲ್ಲಿಗಾದರೂ ಅರ್ಥ ಆಗಬೇಕಿತ್ತು. ಆಗಲಿಲ್ಲ. "ಎಲೆಯಲ್ಲಿ ವೈರಸ್ಸೇ ಇಲ್ಲವೇನೋ" ಅಂತ ಗೈಡ್‌ಗೆ ವಾದ ಬೇರೆ ಮಾಡಿದೆ, ಎಲೆ ನೋಡಿದರೆ ಬಟ್ಟಲಿನ ಹಾಗೆ ಮುದುಡಿಕೊಂಡಿತ್ತು!

ಕೊನೆಗೆ ಪಿಎಚ್‌ಡಿ ಮಾಡುತ್ತಿದ್ದ ಅಕ್ಕ ಒಬ್ಬರು "ಪ್ರೈಮರ್ ತೋರ್ಸು" ಅಂದರು. ಗ್ಲೌಸ್ ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಎರಡು ಗೆರೆ ಎಳೆದು, ನಾಲ್ಕು ತುದಿಗೂ 5, 3 ಅಂತ ಗುರುತು ಹಾಕಿಸಿದರು. ನಾನು ಹಾಕಿದೆ, ಸರಿಯಾಗೇ ಹಾಕಿದೆ. "ಈಗ ನಿನ್ನ ಪ್ರೈಮರ್ ಎಲ್ಲಿ ಕೂರುತ್ತೆ, ಪಾಲಿಮರೇಸ್ ಯಾವ ಕಡೆ ಹೋಗುತ್ತೆ, ಬಾಣ ಹಾಕು" ಅಂದರು. ಮಾರ್ಕರ್ ಹಿಡಿದು ಸುಮ್ನೆ ನಿಂತೆ.

ಪ್ರೈಮರ್ ಬೆಲೆ ಕೆಲವೇ ನೂರು ರೂಪಾಯಿ. ಹೋದದ್ದು ಸಮಯ. ಹೊಸದು ಬರುವಷ್ಟರಲ್ಲಿ ಥೀಸಿಸ್ ಕೊಡುವ ದಿನ ಬಂದಿತ್ತು. ರಿಸಲ್ಟ್ ಇಲ್ಲದ ಥೀಸಿಸ್ ಕೊಟ್ಟೆ. ಅದೇ ಲ್ಯಾಬಿನಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಆಗಿ ಮುಂದುವರಿಯುವ ಆಸೆ ಇತ್ತು, ಆ ಜಾಗ ಬೇರೆಯವರಿಗೆ ಹೋಯಿತು. ಸರಿಯಾಗಿಯೇ ಹೋಯಿತು ಅನ್ನಿ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೆಸರು ನೆನಪಿಡುವುದು ನಿಮ್ಮ ಸಮಸ್ಯೆಯೇ ಅಲ್ಲ. ಒಂದು ನಿಯಮ ಹಿಡಿದುಕೊಳ್ಳಿ: ಡಿಎನ್‌ಎ ಪಾಲಿಮರೇಸ್ ಹೊಸ ಅಕ್ಷರವನ್ನು 3 ಪ್ರೈಮ್ ತುದಿಗೆ ಮಾತ್ರ ಸೇರಿಸುತ್ತದೆ. ಆ ಅಂಕಿಗಳು ಡಿಎನ್‌ಎಯ ಪ್ರತಿ ಅಕ್ಷರದಲ್ಲಿರುವ ಸಕ್ಕರೆಯ ಕಾರ್ಬನ್‌ಗಳ ನಂಬರು. ಮೂರನೇ ಕಾರ್ಬನ್‌ನಲ್ಲಿ ಒಂದು ಓಎಚ್ (ಆಮ್ಲಜನಕ-ಜಲಜನಕದ ಜೋಡಿ) ಇದೆ, ಐದನೆಯದರಲ್ಲಿ ಫಾಸ್ಫೇಟ್. ಹೊಸ ಅಕ್ಷರ ಮೂರು ಫಾಸ್ಫೇಟ್ ಹೊತ್ತು ಬರುತ್ತದೆ, ಎರಡನ್ನು ಕಳಚಿ, ಆ ಶಕ್ತಿಯಲ್ಲಿ ಓಎಚ್‌ಗೆ ಅಂಟಿಕೊಳ್ಳುತ್ತದೆ.

ಉಳಿದದ್ದೆಲ್ಲ ಇದರಿಂದಲೇ ಹೊರಡುತ್ತದೆ. ಪಾಲಿಮರೇಸ್‌ಗೆ ಮೊದಲೇ ಒಂದು ಓಎಚ್ ಬೇಕು, ತಾನಾಗಿ ಶುರು ಮಾಡಲಾರದು. ಅದಕ್ಕೇ ಪ್ರೈಮೇಸ್ ಬಂದು ಚಿಕ್ಕ ಆರ್‌ಎನ್‌ಎ ತುಂಡು ಇಡುತ್ತದೆ. ಎಳೆಗಳು ಎದುರುಬದುರು, ಪಾಲಿಮರೇಸ್ ಹೋಗುವುದು ಒಂದೇ ದಿಕ್ಕಿಗೆ. ಹಾಗಾಗಿ ಒಂದು ಎಳೆ ಸರಾಗವಾಗಿ ಬೆಳೆಯುತ್ತದೆ, ಇನ್ನೊಂದು ಹಿಂದೆ ಹಿಂದೆ ಜಿಗಿದು ತುಂಡುಗಳಾಗಿ. ಜಪಾನಿನ ನಗೋಯಾದಲ್ಲಿ ರೇಜಿ ಒಕಜಾಕಿ ಮತ್ತು ತ್ಸುನೆಕೊ ಒಕಜಾಕಿ ದಂಪತಿ 1968ರಲ್ಲಿ ತೋರಿಸಿದ್ದು ಈ ತುಂಡುಗಳನ್ನೇ. ಬ್ಯಾಕ್ಟೀರಿಯಾದಲ್ಲಿ ಒಂದೊಂದೂ 1,000ದಿಂದ 2,000 ಅಕ್ಷರ, ನಮ್ಮಲ್ಲಿ 100ರಿಂದ 200. ತುಂಡುಗಳಿದ್ದರೆ ಬೆಸೆಯುವವರು ಬೇಕು, ಅದು ಲೈಗೇಸ್. ಎರಡು ಎಳೆಯ ಹಗ್ಗವನ್ನು ಒಂದು ಕಡೆಯಿಂದ ಬಿಡಿಸುತ್ತಾ ಹೋದರೆ ಮುಂದಿನ ಭಾಗ ಬಿಗಿದು ಸುರುಟಿಕೊಳ್ಳುತ್ತದಲ್ಲ, ಎಳೆಗಳನ್ನು ಬಿಡಿಸುವ ಹೆಲಿಕೇಸ್ ಮುಂದೆ ಆಗುವುದೂ ಅದೇ. ಆ ಬಿಗಿ ಕಳೆಯುವುದು ಟೊಪೊಐಸೊಮರೇಸ್. ಒಂದು ಹೆಸರನ್ನಾದರೂ ಬಾಯಿಪಾಠ ಮಾಡಬೇಕಾಯಿತಾ?

"ಇನ್ನೊಂದು ದಿಕ್ಕಿಗೂ ಹೋಗುವ ಪಾಲಿಮರೇಸ್ ಇದ್ದಿದ್ದರೆ ಇಷ್ಟೆಲ್ಲ ರಗಳೆ ಇರುತ್ತಿರಲಿಲ್ಲವಲ್ಲ" ಅಂತ ಅನಿಸಿದರೆ ನೀವು ಸರಿದಾರಿಯಲ್ಲಿದ್ದೀರಿ. ಪಾಲಿಮರೇಸ್ ಸುಮಾರು ಒಂದು ಲಕ್ಷಕ್ಕೆ ಒಂದು ತಪ್ಪು ಅಕ್ಷರ ಹಾಕುತ್ತದೆ, ಹಾಕಿದ್ದನ್ನು ತಾನೇ ಕಿತ್ತು ಸರಿಮಾಡುತ್ತದೆ. ಈಗಿನ ದಿಕ್ಕಿನಲ್ಲಿ ಕಿತ್ತರೂ ಕೆಳಗೆ ಓಎಚ್ ಉಳಿದಿರುತ್ತದೆ, ಮುಂದಿನ ಅಕ್ಷರ ತನ್ನ ಶಕ್ತಿ ತಾನೇ ತರುತ್ತದೆ. ಉಲ್ಟಾ ದಿಕ್ಕಿನಲ್ಲಿ ಆ ಮೂರು ಫಾಸ್ಫೇಟ್ ಬೆಳೆಯುವ ತುದಿಯಲ್ಲೇ ಇರಬೇಕಾಗುತ್ತಿತ್ತು. ತಪ್ಪು ಅಕ್ಷರ ಕಿತ್ತರೆ ಶಕ್ತಿಯೂ ಅದರ ಜೊತೆಗೇ ಹೋಗಿ ಎಳೆ ಅಲ್ಲಿಗೇ ನಿಲ್ಲುತ್ತಿತ್ತು. ಈ ತಿದ್ದುವಿಕೆ, ಆಮೇಲೆ ಉಳಿದ ತಪ್ಪು ಜೋಡಿಗಳನ್ನು ಸರಿಮಾಡುವ ಮಿಸ್‌ಮ್ಯಾಚ್ ರಿಪೇರಿ ಎರಡೂ ಸೇರಿ ತಪ್ಪು ನೂರು ಕೋಟಿಗೆ ಒಂದರ ಆಸುಪಾಸಿಗೆ ಇಳಿಯುತ್ತದೆ. ನಮ್ಮ ಒಂದು ಜೀವಕೋಶದಲ್ಲಿ 600 ಕೋಟಿಗೂ ಹೆಚ್ಚು ಅಕ್ಷರ ಜೋಡಿಗಳಿವೆ, ಲೆಕ್ಕ ನೀವೇ ಹಾಕಿ. ಈ ರಿಪೇರಿಯ ಜೀನ್ ಹುಟ್ಟಿನಿಂದಲೇ ಕೆಟ್ಟಿದ್ದವರಿಗೆ ಕರುಳಿನ ಕ್ಯಾನ್ಸರ್ ಸಾಧ್ಯತೆ ಬಹಳ ಹೆಚ್ಚು, ಲಿಂಚ್ ಸಿಂಡ್ರೋಮ್ ಅಂತಾರೆ.

ಮಹತ್ವ ಯಾಕೆ ಅಂತ ಕೇಳಿದ್ದಿರಿ. ಸರ್ಪಸುತ್ತಿಗೆ ಡಾಕ್ಟರು ಬರೆಯುವ ಎಸೈಕ್ಲೋವಿರ್‌ನಲ್ಲಿ ಆ 3ರ ಓಎಚ್ ಇಲ್ಲ. ವೈರಸ್‌ನ ಪಾಲಿಮರೇಸ್ ಮೋಸಹೋಗಿ ಅದನ್ನು ಜೋಡಿಸಿಕೊಳ್ಳುತ್ತದೆ, ಮುಂದೆ ಸೇರಿಸಲು ಜಾಗವಿಲ್ಲ. ಎಚ್‌ಐವಿಗೆ ಬಂದ ಮೊದಲ ಔಷಧಿ ಎಜೆಡ್‌ಟಿ, 1987ರಲ್ಲಿ ಒಪ್ಪಿಗೆ ಸಿಕ್ಕಿದ್ದು, ಅದರದ್ದೂ ಇದೇ ಉಪಾಯ. ಫ್ರೆಡೆರಿಕ್ ಸ್ಯಾಂಗರ್ 1977ರಲ್ಲಿ ಡಿಎನ್‌ಎ ಓದುವ ವಿಧಾನ ಕಟ್ಟಿದ್ದೂ ಇದೇ ಓಎಚ್ ಇಲ್ಲದ ಅಕ್ಷರಗಳಿಂದ. ಒಂದು ಓಎಚ್!

ಮೆಸೆಲ್ಸನ್ ಮತ್ತು ಸ್ಟಾಲ್ ಪ್ರಯೋಗ, ಅದೇ 1958ರ ಭಾರದ ನೈಟ್ರೋಜನ್ನಿನದು, ಪಾಠದಲ್ಲಿ ಚೆನ್ನಾಗಿಯೇ ಇರುತ್ತದೆ. ಪ್ರತಿ ಹೊಸ ಡಿಎನ್‌ಎಯಲ್ಲಿ ಒಂದು ಹಳೇ ಎಳೆ, ಒಂದು ಹೊಸದು. ಅಷ್ಟು ಅರ್ಥವಾದರೆ ಸಾಕು, ಅದರ ಬಗ್ಗೆ ನಾನು ಕೊರೆಯುವುದಿಲ್ಲ.

ಪರೀಕ್ಷೆ ಹತ್ತಿರ ಇದೆ, ಇದಕ್ಕೆಲ್ಲ ಟೈಮ್ ಇಲ್ಲ ಅಂತೀರೇನೋ. ಒಂದು ಸಂಜೆಯ ಕೆಲಸ. ಪುಸ್ತಕ ಮುಚ್ಚಿ ಕವಲು ಬರೆಯಿರಿ, ಹೆಸರು ಒಂದೂ ಬೇಡ, ಎಲ್ಲ ತುದಿಗೂ 5, 3 ಹಾಕಿ, ಆಮೇಲೆ ಬಾಣ. ಅದು ಸರಿ ಬಂದರೆ ಇದನ್ನು ಬಿಡಿಸಿ: ಜೀನಿನ 3 ಪ್ರೈಮ್ ಕೊನೆಯಲ್ಲಿ ಎ-ಎ-ಜಿ-ಸಿ-ಟಿ-ಸಿ ಇದೆ, ಅಲ್ಲಿಗೆ ಕೊಡಬೇಕಾದ ಪ್ರೈಮರ್ ಯಾವುದು? ಜಿ-ಎ-ಜಿ-ಸಿ-ಟಿ-ಟಿ ಬಂದರೆ ಮುಂದಿನ ಪಾಠಕ್ಕೆ ಹೋಗಿ. ಟಿ-ಟಿ-ಸಿ-ಜಿ-ಎ-ಜಿ ಬಂದರೆ ಮೇಲಿನ ಉದ್ದ ಪ್ಯಾರಾವನ್ನು ಇನ್ನೊಮ್ಮೆ ಓದಿ, ಬೈಕೊಂಡಾದರೂ ಸರಿ.