ಹಳೇ ಜೂಕಿ ಮಿಷನ್ ಕೆಳಗಿಂದ ಟಕ್ ಟಕ್ ಅನ್ನುತ್ತಿದೆ, ಹುಕ್ ಬದಲಾಯಿಸಬೇಕಾ?

ನೀವು ಶಿರಾದಲ್ಲಿ ಬ್ಲೌಸ್ ಹೊಲಿಯಲು ಸೆಕೆಂಡ್ ಹ್ಯಾಂಡ್ ಜೂಕಿ, ಅಂದರೆ ಗಾರ್ಮೆಂಟ್ಸ್‌ನಲ್ಲಿ ಬಳಸುವ ಮೋಟಾರ್ ಹೊಲಿಗೆ ಮಿಷನ್, ತಗೊಂಡಿದ್ದೀರಿ. ಬೆಂಗಳೂರಿಂದ ಟೆಂಪೋದಲ್ಲಿ ಬಂದಿದೆ. ಮೊದಲ ದಿನದಿಂದಲೇ ಕೆಳಗಿಂದ ಟಕ್ ಟಕ್ ಸದ್ದು, ಪೆಡಲ್ ಜೋರಾಗಿ ತುಳಿದರೆ ಇನ್ನೂ ಜಾಸ್ತಿ. ನೋಡಿದವರು ‘ಹುಕ್ ಹೋಗಿದೆ’ (ಸೂಜಿಯ ನೂಲನ್ನು ಕೆಳಗೆ ಹಿಡಿದು ಸುತ್ತುವ ಭಾಗ) ಅಂದರು, ಹಾಕಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಮೊದಲು ಆ ಸದ್ದನ್ನು ಎಣಿಸಿ.

ನಾನು ಗೌರಿಬಿದನೂರಿನ ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ಕಾಲರ್ ಹೊಲಿದವಳು. ಈಗ ಮನೆಯಲ್ಲೇ ಎರಡು ಹಳೇ ಮಿಷನ್ ಇಟ್ಟುಕೊಂಡಿದ್ದೇನೆ. ಎಣಿಸುವುದನ್ನು ಕಲಿಸಿದ್ದು ನಮ್ಮ ಲೈನಿನ ಮೆಕ್ಯಾನಿಕ್ ಅಣ್ಣ.

ಲೆಕ್ಕ ಇಷ್ಟೇ. ಮೇಲಿನ ಚಕ್ರ ಒಂದು ಸುತ್ತು ಬಂದರೆ ಸೂಜಿ ಒಂದು ಸಲ ಇಳಿದು ಏರುತ್ತದೆ, ಒಂದು ಹೊಲಿಗೆ. ಅಷ್ಟರಲ್ಲಿ ಕೆಳಗಿನ ಹುಕ್ ಎರಡು ಸುತ್ತು ಸುತ್ತಿರುತ್ತದೆ. ಚಕ್ರದ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. ಸ್ವಿಚ್ ಆಫ್ ಮಾಡಿ, ಬಟ್ಟೆ ಒತ್ತಿ ಹಿಡಿಯುವ ಫೂಟ್ ಎತ್ತಿ, ಚಕ್ರವನ್ನು ನಿಮ್ಮ ಕಡೆಗೆ ನಿಧಾನ ತಿರುಗಿಸಿ. ಒಂದು ಸುತ್ತಿಗೆ ಎರಡು ಸಲ ಸದ್ದು ಬಂದರೆ, ಅಥವಾ ಎರಡು ಸಲ ಕೈಗೆ ತಡೆದಂತಾದರೆ, ಹುಕ್ಕಿನ ಹತ್ತಿರ ನೋಡಿ. ಒಂದೇ ಸಲವಾದರೆ ಸೂಜಿ, ಸೂಜಿ ಕಂಬಿ, ಇಲ್ಲವೇ ಬಟ್ಟೆ ಎಳೆಯುವ ಹಲ್ಲು. ಹಲ್ಲು ಪ್ಲೇಟಿಗೆ ತಾಗುತ್ತಿದೆಯಾ ಅಂತ ತಿಳಿಯಲು ಹೊಲಿಗೆ ಉದ್ದವನ್ನು ಸೊನ್ನೆಗೆ ತನ್ನಿ, ಸದ್ದು ನಿಂತರೆ ಅದೇ. ಬಟ್ಟೆ ಇಲ್ಲದೆ ಫೂಟ್ ಇಳಿಸಿ ಓಡಿಸಿದರೂ ಹಲ್ಲು ಫೂಟಿಗೆ ಬಡಿದು ಟಕಟಕ ಅನ್ನುತ್ತದೆ. ಅದು ರೋಗವಲ್ಲ.

ನಿಮ್ಮದು ಕ್ಲಚ್ ಮೋಟಾರ್ (ಸ್ವಿಚ್ ಹಾಕಿದರೆ ಸುತ್ತುತ್ತಲೇ ಇದ್ದು, ಪೆಡಲ್ ತುಳಿದಾಗ ಮಾತ್ರ ಮಿಷನ್ ಓಡಿಸುವಂಥದ್ದು) ಆಗಿದ್ದರೆ ಜೋಪಾನ. ಸ್ವಿಚ್ ಆಫ್ ಮಾಡಿದ ಮೇಲೂ ಅದು ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ, ಆಗ ಪೆಡಲ್ ಮೇಲೆ ಕಾಲು ಬಿದ್ದರೆ ಸೂಜಿ ಓಡುತ್ತದೆ. ಪೂರ್ತಿ ನಿಂತಿದೆ ಅಂತ ಖಾತ್ರಿ ಮಾಡಿಕೊಂಡೇ ಕೈ ಹಾಕಿ. ಬೆಲ್ಟ್ ಕಳಚಿ ಬರೀ ಮೋಟಾರ್ ಓಡಿಸಿ ನೋಡಿ, ಆಗಲೂ ಸದ್ದಿದ್ದರೆ ಅದು ಮೋಟಾರಿನದು, ಮಿಷನ್ ಹೆಡ್ (ಮೇಜಿನ ಮೇಲೆ ಕೂರುವ ಹೊಲಿಯುವ ಭಾಗ) ಬಿಚ್ಚುವ ಕೆಲಸವೇ ಇಲ್ಲ.

ನನ್ನ ಮೊದಲ ಮಿಷನ್ನಿಗೂ ಹೀಗೇ ಆಗಿತ್ತು. ಎಣಿಸಲು ಹೊಳೆಯಲಿಲ್ಲ, ಯಾರೋ ಹೇಳಿದರು ಅಂತ ಹೊಸ ಹುಕ್ ಹಾಕಿಸಿದೆ. ಸದ್ದು ಹಾಗೇ ಇತ್ತು. ಆ ದಿನ ನಿಜಕ್ಕೂ ಅಳು ಬಂತು, ಅದು ಮಗಳ ಸ್ಕೂಲ್ ಫೀಸಿಗೆ ಇಟ್ಟಿದ್ದ ದುಡ್ಡು. ಭಾನುವಾರ ಅಣ್ಣ ಬಂದು ಹೆಡ್ಡನ್ನು ಹಿಂದಕ್ಕೆ ಮಲಗಿಸಿ ಟಾರ್ಚ್ ಬಿಟ್ಟರು. ಕೆಳಗಿನ ನೂಲಿನ ಉರುಳೆ ಇರುವ ಬಾಬಿನ್ ಕೇಸ್ ಕೂರುವ ಒಳಗಿನ ಬಟ್ಟಲು ಹುಕ್ಕಿನ ಜೊತೆ ಸುತ್ತದ ಹಾಗೆ ಒಂದು ಪುಟ್ಟ ಬೆರಳಿನಂಥ ತುಂಡು ಅದರ ಕಚ್ಚಿನಲ್ಲಿ ಕೂತು ಹಿಡಿದಿರುತ್ತದೆ. ಅದರ ಸ್ಕ್ರೂ ಸಡಿಲವಾಗಿತ್ತು. ಬಟ್ಟಲು ಆ ಕಡೆ ಈ ಕಡೆ ಬಡಿಯುತ್ತಿತ್ತು. ಸುತ್ತ ಎಣ್ಣೆ ಕುಡಿದ ನೂಲಿನ ಪುಡಿ, ದೀಪದ ಬತ್ತಿಯ ಹಾಗೆ ಹೊಸೆದು ಗಟ್ಟಿಯಾಗಿತ್ತು. ಸೂಜಿಮೊನೆಯಿಂದ ಅದನ್ನು ಬಿಡಿಸಿ ತೆಗೆದರು. ಸ್ಕ್ರೂ ಬಿಗಿ ಮಾಡುವಾಗ ಆ ಬೆರಳಿಗೂ ಬಟ್ಟಲಿಗೂ ನಡುವೆ ನೂಲು ಸಲೀಸಾಗಿ ಹಾದು ಹೋಗುವಷ್ಟು ಜಾಗ ಬಿಟ್ಟರು. ಪೂರ್ತಿ ಒತ್ತಿ ಕೂರಿಸಿದರೆ ನೂಲು ಸಿಕ್ಕಿ ಹರಿಯುತ್ತದೆ.

ನಿಮ್ಮದು ಟೆಂಪೋದಲ್ಲಿ ಬಂದದ್ದು ಅಂದಿರಲ್ಲ, ಎಣ್ಣೆಯನ್ನೂ ನೋಡಿ. ಸಾಗಿಸುವಾಗ ಹೆಡ್ಡಿನ ಕೆಳಗಿರುವ ತಟ್ಟೆಯ ಎಣ್ಣೆ ಚೆಲ್ಲಿಬಿಡುತ್ತಾರೆ, ತಿರುಗಿ ಹಾಕಲು ಯಾರೂ ಹೇಳುವುದಿಲ್ಲ. ತಟ್ಟೆಯಲ್ಲಿ ಮೇಲೊಂದು ಕೆಳಗೊಂದು ಗುರುತು ಇರುತ್ತದೆ, ಅವೆರಡರ ನಡುವೆ ಎಣ್ಣೆ ಇರಬೇಕು. ಹೊಲಿಗೆ ಮಿಷನ್ನಿನ ಬಿಳಿ ಎಣ್ಣೆಯನ್ನೇ ಹಾಕಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಅದು ಅಂಟಾಗಿ ಕೂರುತ್ತದೆ. ಹಾಕಿದ ಮೇಲೆ ಫೂಟ್ ಎತ್ತಿ, ನೂಲು ತೆಗೆದು, ಹತ್ತು ನಿಮಿಷ ಹೆಚ್ಚು ಜೋರಿಲ್ಲದೆ ಓಡಿಸಿ. ಮೇಲಿನ ಗಾಜಿನ ಕಿಂಡಿಯಲ್ಲಿ ಎಣ್ಣೆ ಚಿಮ್ಮುವುದು ಕಾಣಬೇಕು. ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ. ಎಣ್ಣೆ ಇಲ್ಲದೆ ಓಡಿದರೆ ಚೆನ್ನಾಗಿರುವ ಹುಕ್ಕೂ ಹಿಡಿದುಕೊಂಡು ಹಾಳಾಗುತ್ತದೆ.

ಸೂಜಿಯನ್ನೂ ಬದಲಾಯಿಸಿಬಿಡಿ, ಕೆಲವೇ ರೂಪಾಯಿ. ಸೂಜಿಯ ಮೈಮೇಲಿನ ಉದ್ದ ಗೀರು ನಿಮ್ಮ ಎಡಕ್ಕೆ ಬರಲಿ. ಸೊಟ್ಟ ಸೂಜಿ ಹುಕ್ಕಿಗೆ ತಾಗಿದರೂ ಟಿಕ್ ಅನ್ನುತ್ತದೆ.

ಇಷ್ಟೆಲ್ಲ ಆದ ಮೇಲೂ ಚಕ್ರದ ಒಂದು ಸುತ್ತಿಗೆ ಎರಡು ಸಲದ ಲೆಕ್ಕದಲ್ಲೇ ಸದ್ದು ಉಳಿದರೆ, ಹುಕ್ಕಿನ ಮೊನೆಯ ಮೇಲೆ ಉಗುರು ಮೆಲ್ಲಗೆ ಎಳೆಯಿರಿ. ತರಚಿದರೆ, ಅಥವಾ ಬಟ್ಟಲು ಕೈಯಲ್ಲಿ ಲೊಡಲೊಡ ಅಂದರೆ, ಆಗ ಹುಕ್ ಹಾಕಿಸಿ. ಹಾಕುವವರ ಪಕ್ಕದಲ್ಲೇ ನಿಂತು ನೋಡಿ. ಸೂಜಿಗೂ ಹುಕ್ಕಿನ ಮೊನೆಗೂ ನಡುವೆ 0.04ರಿಂದ 0.1 ಮಿ.ಮೀ. ಸಂದು ಇರಬೇಕು, ಅಂದರೆ ಹೆಚ್ಚೆಂದರೆ ಒಂದು ಹಾಳೆ ಕಾಗದದಷ್ಟು. ಅದನ್ನು ನೋಡದೆ ಸುಮ್ನೆ ಸ್ಕ್ರೂ ಬಿಗಿದು ಹೊರಟರೆ ಬಿಡಬೇಡಿ, ಕೂರಿಸಿಕೊಂಡು ಸರಿ ಮಾಡಿಸಿ.